ಟ್ಯಾಲಿ ರಾಯರು ಊಟಕ್ಕೆ ಹೋಗಿದ್ದಾರೆ

ಚಿಕ್ಕಪೇಟೆಯ ಸಗಟು ಬಟ್ಟೆ ಅಂಗಡಿಯಾಗಲಿ, ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯಾಗಲಿ, ದಾವಣಗೆರೆಯ ಅಕ್ಕಿ ಗಿರಣಿಯಾಗಲಿ, ಮಧ್ಯಾಹ್ನ ಒಂದೂವರೆಗೆ ಫೋನ್ ಮಾಡಿ "ನಮ್ಮ ಬಾಕಿ ಎಷ್ಟಿದೆ ನೋಡಿ" ಎಂದರೆ "ರಾಯರು ಊಟಕ್ಕೆ ಹೋಗಿದ್ದಾರೆ, ಆಮೇಲೆ ಮಾಡಿ" ಎಂಬ ಉತ್ತರ ಸಿಗುತ್ತದೆ. ಕಂಪ್ಯೂಟರ್ ಊಟಕ್ಕೆ ಹೋಗಿರುವುದಿಲ್ಲ. ಆಯುಧಪೂಜೆಯ ಕುಂಕುಮ ಹಣೆಗಿಟ್ಟುಕೊಂಡು, ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ತೆರೆದಿಟ್ಟುಕೊಂಡು, ಕೇಳಿದ್ದಕ್ಕೆಲ್ಲ ಉತ್ತರ ಕೊಡಲು ತಯಾರಾಗಿ ಅಲ್ಲೇ ಕೂತಿರುತ್ತದೆ. ಆದರೆ ಅದನ್ನು ಕೇಳುವ ಧೈರ್ಯ ದುಡ್ಡು ಕೊಟ್ಟು ತಂದ ಮಾಲೀಕರಿಗೂ ಇರುವುದಿಲ್ಲ. ಲೆಕ್ಕ ಬರೆಯುವ ಈ ರಾಯರು ಊರಿಗೆ ತಕ್ಕಂತೆ ಗೌಡರಾಗಿರಬಹುದು, ಶೆಟ್ಟರಾಗಿರಬಹುದು, ಈಚೆಗೆ ಬಿ.ಕಾಂ. ಮುಗಿಸಿ ಬಂದ ಮೇಡಂ ಕೂಡ ಆಗಿರಬಹುದು. ಅನುಕೂಲಕ್ಕೆ ಟ್ಯಾಲಿ ರಾಯರು ಎನ್ನೋಣ. ಮೇಜಿನ ಮೇಲೆ ಕಂಪ್ಯೂಟರ್, ಅದರ ಪಕ್ಕದಲ್ಲಿ ಒಂದು ಕ್ಯಾಲ್ಕುಲೇಟರ್. ಯಂತ್ರ ಕೂಡಿದ ಮೊತ್ತವನ್ನು ಇನ್ನೊಂದು ಯಂತ್ರದಲ್ಲಿ ಒತ್ತಿ ನೋಡದೆ ಅವರಿಗೆ ಸಮಾಧಾನವಿಲ್ಲ. ಎಫ್5 ಒತ್ತಿದರೆ ಪಾವತಿ, ಎಫ್6 ಒತ್ತಿದರೆ ವಸೂಲಿ. ಎರಡರಲ್ಲಿ ಯಾವ ಗುಂಡಿಯ ಅಕ್ಷರ ಮೊದಲು ಸವೆದಿದೆ ಎಂದು ನೋಡಿದವರಿಗೆ ಬ್ಯಾಲೆನ್ಸ್ ಶೀಟಿನ ಅಗತ್ಯವೇ ಬೀಳುವುದಿಲ್ಲ.

ವಾಣಿಜ್ಯದ ಪಠ್ಯಪುಸ್ತಕಗಳು ಮಾಹಿತಿ ವ್ಯವಸ್ಥೆಗೆ ಮೂರು ಅಂತಸ್ತು ಕಟ್ಟುತ್ತವೆ. ಕೆಳಗೆ ದಿನದಿನದ ಬಿಲ್ಲು, ರಸೀದಿ, ದಾಸ್ತಾನು. ನಡುವೆ ವ್ಯವಸ್ಥಾಪಕರಿಗೆ ಬೇಕಾದ ವರದಿ. ಮೇಲೆ ಯಜಮಾನರ ತೀರ್ಮಾನಕ್ಕೆ ನೆರವು. ನಮ್ಮ ಸಣ್ಣ, ಮಧ್ಯಮ ಸಂಸ್ಥೆಗಳಲ್ಲಿ ಕಂಪ್ಯೂಟರ್ ಇರುವುದು ನೆಲಮಹಡಿಯಲ್ಲಿ ಮಾತ್ರ, ಮೇಲಿನ ಎರಡೂ ಮಹಡಿಗಳಲ್ಲಿ ರಾಯರೇ ವಾಸ ಎಂಬುದು ನನ್ನ ವಾದ. ಇದರಲ್ಲಿ ಟ್ಯಾಲಿಯ ತಪ್ಪೇನೂ ಇಲ್ಲ. ಅದು ಹುಟ್ಟಿದ್ದೇ ವ್ಯಾಪಾರಿಯೊಬ್ಬರ ಪರದಾಟದಿಂದ. ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗದ ಶ್ಯಾಮ್ ಸುಂದರ್ ಗೋಯೆಂಕಾ ಮಗನಿಗೇ ಬರೆಯಲು ಹೇಳಿದರು. 1986ರಲ್ಲಿ ತಂದೆ-ಮಗ ಶುರು ಮಾಡಿದ ಆ ಕೆಲಸ ಬೆಂಗಳೂರಿನ ದೊಡ್ಡ ಕಂಪನಿಯಾಗಿ ಬೆಳೆಯಿತು. ಮಗ ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀಯೂ ಬಂತು. ಕಂಪ್ಯೂಟರ್ ಭಾಷೆ ಬಾರದವರೂ ಲೆಕ್ಕ ಬರೆಯುವಂತಾಗಬೇಕು ಎಂಬುದು ಅದರ ಗುರಿಯಾಗಿತ್ತು, ಅದು ಈಡೇರಿತು. ಯಜಮಾನರಿಗೆ ಪ್ರೋಗ್ರಾಮರ್ ಬೇಡವಾದ. ರಾಯರು ಮಾತ್ರ ಇನ್ನಷ್ಟು ಬೇಕಾದರು.

ಯಾಕೆಂದರೆ ಯಜಮಾನರು ಕೇಳುವ ಪ್ರಶ್ನೆಗಳು ಪರದೆಯ ಮೇಲಿನ ಪಟ್ಟಿಯಲ್ಲಿಲ್ಲ. ಯಾರ ಬಾಕಿ ಎಷ್ಟು ದಿನದ್ದು ಎಂದು ಟ್ಯಾಲಿ ಚೊಕ್ಕಟವಾಗಿ ತೋರಿಸುತ್ತದೆ. ಯಜಮಾನರು ಕೇಳುವುದು "ಇವತ್ತು ಯಾರಿಗೆ ಫೋನ್ ಮಾಡ್ಲಿ?" ಎಂದು. ತೊಂಬತ್ತು ದಿನ ದಾಟಿದ ಪಾರ್ಟಿಯನ್ನು ರಾಯರು ಬಿಡಿಸುತ್ತಾರೆ: "ಅವರ ಮನೇಲಿ ಮದುವೆ, ಅಡಿಕೆ ಮಾರಿದ ಮೇಲೆ ತಾವೇ ಕೊಡ್ತಾರೆ." ಇಪ್ಪತ್ತೇ ದಿನದ ಪಾರ್ಟಿಯ ಹೆಸರಿನ ಮೇಲೆ ಬೆರಳಿಡುತ್ತಾರೆ: "ಇವರಿಗೆ ಈಗ್ಲೇ ಮಾಡಿ ಸಾರ್, ಎರಡು ಸಲ ಮಾಡಿದೆ, ಫೋನ್ ಎತ್ತಲಿಲ್ಲ." ದಾಸ್ತಾನಿನದೂ ಇದೇ ಕತೆ. ಗೋದಾಮಿನಲ್ಲಿ ಹನ್ನೆರಡು ಥಾನು ಬಟ್ಟೆ ಮೈನಸ್ಸಿನಲ್ಲಿದೆ ಎಂದು ಕಂಪ್ಯೂಟರ್ ಘೋಷಿಸಿದರೆ, ಇಲ್ಲದ್ದಕ್ಕಿಂತ ಕಡಿಮೆ ಇರುವುದು ಹೇಗೆ ಎಂದು ಹೊಸ ಹುಡುಗ ಗಾಬರಿಯಾಗುತ್ತಾನೆ. ಮಾಲು ಬಂದು ಮಾರಿಯೂ ಆಗಿದೆ, ಖರೀದಿ ಬಿಲ್ಲು ಮಾತ್ರ ಇನ್ನೂ ಲಾರಿ ಡ್ರೈವರ್ ಜೇಬಿನಲ್ಲಿದೆ ಎಂಬುದು ರಾಯರಿಗೆ ಗೊತ್ತು. ಎಲ್ಲಿಂದ ಬಂತೆಂದು ತಿಳಿಯದ ಹಣವೆಲ್ಲ ಸಸ್ಪೆನ್ಸ್ ಖಾತೆಗೆ ಹೋಗಿ, ಮಾರ್ಚ್ ಮೂವತ್ತೊಂದರವರೆಗೆ ಅಲ್ಲೇ ಬಿಡಾರ ಹೂಡುತ್ತದೆ. ಪತ್ತೇದಾರಿ ಕಾದಂಬರಿಯಲ್ಲಿ ಸಸ್ಪೆನ್ಸ್ ಓದುಗರಿಗಿರುತ್ತದೆ. ಇಲ್ಲಿ ರಾಯರೊಬ್ಬರನ್ನು ಬಿಟ್ಟು ಆಡಿಟರ್ ಸಮೇತ ಎಲ್ಲರಿಗೂ ಇರುತ್ತದೆ.

ಇದು ಜಾಣತನವಲ್ಲ, ಕುತಂತ್ರ ಎನ್ನುವವರಿದ್ದಾರೆ. ತಿಳಿದದ್ದನ್ನೆಲ್ಲ ತಲೆಯಲ್ಲಿಟ್ಟುಕೊಂಡು, ಪಾಸ್‌ವರ್ಡನ್ನು ಯಾರಿಗೂ ಹೇಳದೆ, ಒಂದೇ ಪಾರ್ಟಿಗೆ 'ಹೊಸದು', 'ಹಳೇದು', 'ಇದು ಬೇಡ' ಎಂದು ಮೂರು ಲೆಡ್ಜರ್ ತೆರೆದು, ತಾವಿಲ್ಲದೆ ಬಾಗಿಲು ತೆರೆಯದಂತೆ ಮಾಡಿಕೊಂಡಿದ್ದಾರೆ ಎಂಬ ಆರೋಪ ಪೂರ್ತಿ ಸುಳ್ಳಲ್ಲ. ಚೆಕ್ಕು ಬರೆಯುವ ಕೈಯೇ ಬ್ಯಾಂಕ್ ಲೆಕ್ಕ ತಾಳೆ ನೋಡಬಾರದು ಎಂದು ಆಡಿಟರು ಗೊಣಗುವುದೂ ನ್ಯಾಯವೇ. ಇನ್ನು ಕೆಲವರು ಕಾನೂನೇ ರಾಯರನ್ನು ಮನೆಗೆ ಕಳಿಸುತ್ತದೆ ಎಂದು ಕಾದಿದ್ದಾರೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು, ದೇಶದ ಬಿಲ್ಲುಗಳೆಲ್ಲ ಒಂದೇ ಪೋರ್ಟಲಿಗೆ ಸೇರಿದವು. ತಾಳೆಯೆಲ್ಲ ತಾನಾಗಿಯೇ ಆಗಬೇಕಿತ್ತು. ಆದದ್ದೇ ಬೇರೆ. ಮಾರಿದವರು ತಿಂಗಳ 11ರೊಳಗೆ ತಮ್ಮ ಬಿಲ್ಲುಗಳನ್ನು ಏರಿಸಬೇಕು, 14ಕ್ಕೆ ಕೊಂಡವರಿಗೆ ಆ ಬಿಲ್ಲುಗಳ ಪಟ್ಟಿ ತಯಾರಾಗುತ್ತದೆ, 20ರೊಳಗೆ ತೆರಿಗೆ ಕಟ್ಟಬೇಕು. ಪಟ್ಟಿಯಲ್ಲಿ ಬಿಲ್ಲಿಲ್ಲದಿದ್ದರೆ ಕೊಟ್ಟ ತೆರಿಗೆಯ ಜಮೆಯೂ ಇಲ್ಲ. ಹಾಗಾಗಿ 14ರಿಂದ 20ರವರೆಗೆ ರಾಯರು ಊರೂರಿನ ಮಾರಾಟಗಾರರಿಗೆ ಫೋನ್ ಮಾಡುತ್ತಾ ಕೂರುತ್ತಾರೆ, ಆ ಕಡೆಯಿಂದಲೂ "ನಮ್ಮ ರಾಯರು ರಜೆ" ಎಂಬ ಉತ್ತರ ಕೇಳಿ ಹಲ್ಲು ಕಡಿಯುತ್ತಾರೆ. ಸರ್ಕಾರ ಜೋಡಿಸಿದ್ದು ಕಂಪ್ಯೂಟರುಗಳನ್ನು. ಲೆಕ್ಕ ಕೂಡಿಬರುವುದು ಒಬ್ಬ ರಾಯರು ಇನ್ನೊಬ್ಬ ರಾಯರಿಗೆ ಸಿಕ್ಕಾಗ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯನ್ನೂ ದಿನಾಂಕದೊಂದಿಗೆ ದಾಖಲಿಸಲೇಬೇಕೆಂಬ ನಿಯಮವೂ ಜಾರಿಯಾಯಿತು. ಒಳ್ಳೆಯದೇ. ಅದು ಏನನ್ನು ತಿದ್ದಿದರು, ಯಾವಾಗ ತಿದ್ದಿದರು ಎಂದು ಹೇಳುತ್ತದೆ. ಏಕೆ ತಿದ್ದಿದರು ಎಂದು ತಿಳಿಯಬೇಕಾದರೆ ಮತ್ತೆ ಆ ಮೇಜಿನ ಹತ್ತಿರವೇ ಹೋಗಬೇಕು.

ಈ 'ಏಕೆ'ಯನ್ನು ಬರೆಯಲು ಟ್ಯಾಲಿಯಲ್ಲಿ ಜಾಗವಿಲ್ಲದೆ ಇಲ್ಲ. ಪ್ರತಿ ವೋಚರಿನ ಕೆಳಗೂ ನರೇಷನ್ ಎಂಬ ಖಾಲಿ ಸಾಲೊಂದಿದೆ. ಯಾರ ಮಾತಿನ ಮೇಲೆ ಉದ್ರಿ ಕೊಟ್ಟದ್ದು, ಯಾವ ಮಾಲು ವಾಪಸು ಬಂದದ್ದಕ್ಕೆ ಬಿಲ್ಲಿನಲ್ಲಿ ಮುರಿದುಕೊಂಡದ್ದು ಎಂದು ಅಲ್ಲಿ ಬರೆದಿಟ್ಟರೆ, ರಾಯರು ಹದಿನೈದು ದಿನ ತಿರುಪತಿ, ಧರ್ಮಸ್ಥಳ ಸುತ್ತಿ ಬಂದರೂ ವ್ಯಾಪಾರ ನಿಲ್ಲುವುದಿಲ್ಲ. ಕುತಂತ್ರದ ಆರೋಪವೂ ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಸಾಲಿನಲ್ಲಿ ಸಾಮಾನ್ಯವಾಗಿ ಕಾಣುವುದು 'ಹಣ ಕೊಟ್ಟಿದ್ದು' ಎಂಬ ಎರಡೇ ಪದ. ಇದಕ್ಕೆ ರಾಯರ ಸೋಮಾರಿತನವೊಂದೇ ಕಾರಣವಲ್ಲ. ಭಾವಮೈದುನನ ಅಂಗಡಿಗೆ ಅಸಲಿಗೇ ಮಾಲು ಕಳಿಸಿದ್ದು, ಹಳೆಯ ಗೆಳೆಯನಿಗೆ ಬಡ್ಡಿ ಬಿಟ್ಟದ್ದು, ಕೋಪದಲ್ಲಿ ಒಂದು ಪಾರ್ಟಿಯನ್ನು ಕೈಬಿಟ್ಟದ್ದು, ಇವೆಲ್ಲ ಯಜಮಾನರದೇ ತೀರ್ಮಾನಗಳು. ಪ್ರತಿಯೊಂದರ ಹಿಂದೆಯೂ "ಇದನ್ನ ಬರೀಬೇಡಿ ರಾಯರೇ" ಎಂಬ ಆಜ್ಞೆಯಿದೆ. ಬರೆಯಬೇಡಿ ಎಂದದ್ದನ್ನು ಯಾವ ತಂತ್ರಾಂಶವೂ ನೆನಪಿಡಲಾರದು, ರಾಯರು ಇಡುತ್ತಾರೆ. ಸಂಬಳದಲ್ಲಿ ಅರ್ಧ ಅದಕ್ಕೇ ಬರುತ್ತದೆ ಎಂಬುದು ಅವರಿಗೂ ಗೊತ್ತು. ಈ ಒಪ್ಪಂದ ಮುರಿಯದ ಹೊರತು ಕ್ಲೌಡೂ ಅಷ್ಟೇ, ಡ್ಯಾಶ್‌ಬೋರ್ಡೂ ಅಷ್ಟೇ. ಗುಮಾಸ್ತರೇ ಬೇಡದ ಹೊಸ ತಂತ್ರಾಂಶವನ್ನು ಹೊತ್ತು ಬಂದ ಟೈ ಕಟ್ಟಿದ ಹುಡುಗ ಒಂದು ಗಂಟೆ ಚಿತ್ರ ತೋರಿಸಿ, ಗ್ರಾಫು ತೋರಿಸಿ, ರಿಯಾಯಿತಿಯನ್ನೂ ಹೇಳಿ ಮುಗಿಸುತ್ತಾನೆ. ಯಜಮಾನರು ತಲೆದೂಗಿ, ಕಾಫಿ ತರಿಸಿ, ಕೊನೆಗೆ ಹೇಳುತ್ತಾರೆ: "ತುಂಬಾ ಚೆನ್ನಾಗಿದೆಯಪ್ಪ. ತಗೊಳ್ಳೋಣ. ಒಂದ್ಮಾತು ರಾಯರನ್ನ ಕೇಳಿ ಹೇಳ್ತೀನಿ."