ಇನಿಷಿಯಲ್ಲಿನ ಅಪ್ಪ

ಜೂನ್ ತಿಂಗಳ ಮೂರನೇ ಭಾನುವಾರ ಬಂತೆಂದರೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಅಪ್ಪಂದಿರೆಲ್ಲ ಹಿಮಾಲಯವಾಗುತ್ತಾರೆ. ಸೋಮವಾರ ಬೆಳಿಗ್ಗೆ ಅದೇ ಹಿಮಾಲಯ ಮೊಬೈಲ್ ಹಿಡಿದು ಸೋಫಾದ ಮೇಲೆ ಕೂತಿರುತ್ತದೆ. ಮಗಳ ಒಂದು ಶೂ ಸಿಕ್ಕಿಲ್ಲ. ಹೊರಗೆ ಆಟೋದವನು ಹಾರ್ನ್ ಒತ್ತುತ್ತಿದ್ದಾನೆ. ಹಿಮಾಲಯ ಕದಲುವುದಿಲ್ಲ. "ಏನೇ ಅದು, ಬೆಳಿಗ್ಗೆ ಬೆಳಿಗ್ಗೆ ಗಲಾಟೆ?" ಎಂದು ಅಡುಗೆಮನೆಯತ್ತ ಕೂಗುತ್ತದೆ. ಅಲ್ಲಿಗೆ ಪಿತೃಧರ್ಮ ಮುಗಿಯಿತು.

ಮಕ್ಕಳ ಬಾಳಿನಲ್ಲಿ ತಂದೆಯ ಪಾತ್ರ ದೊಡ್ಡದಂತೆ. ಶಾಲೆಗಳಲ್ಲಿ ಇದರ ಮೇಲೆ ಭಾಷಣವನ್ನೂ ಇಡುತ್ತಾರೆ. ಮೈಕಿನ ಮುಂದೆ ಗಂಡಸು, ಕುರ್ಚಿಗಳಲ್ಲಿ ಅಮ್ಮಂದಿರು. ಭಾಷಣಕಾರರ ಮಕ್ಕಳನ್ನು ಆ ಹೊತ್ತಿಗೆ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳುವುದು ಅಸಭ್ಯತೆ.

ಕಾಗದದ ಮೇಲೆ ಮಾತ್ರ ಅಪ್ಪನ ಕುರ್ಚಿ ಭದ್ರ. ಇನಿಷಿಯಲ್ ಅವನದು. ಅರ್ಜಿಯ ಮೊದಲ ಗೆರೆ ಅವನದು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯಲ್ಲೂ ಸಹಜ ಪೋಷಕ ತಂದೆ, ಅವನ ನಂತರ ತಾಯಿ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕ್ ಬಾಂಡ್ ಕೊಳ್ಳಲು ಹೋದರೆ ಅಪ್ಪನ ಸಹಿ ತನ್ನಿ ಎಂದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಅಪ್ಪ ಜೀವಂತವಿದ್ದರೂ ಮಗುವಿನ ಉಸಾಬರಿಗೆ ಬಾರದಿದ್ದರೆ ತಾಯಿಯೇ ಪೋಷಕಿಯಾಗಬಹುದು ಎಂದು 1999ರಲ್ಲಿ ತೀರ್ಪು ಬಂತು. ಬದುಕಿದ್ದೂ ಇಲ್ಲದ ಅಪ್ಪಂದಿರಿದ್ದಾರೆ ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಗುರುತಿಸಿತು. ಗುರುತಿಸಿಕೊಂಡವರಿಗೆ ನಾಚಿಕೆಯಾದ ಸುದ್ದಿ ಇಲ್ಲ.

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಮಂದಿಯ ಆರೈಕೆಯಲ್ಲಿ ಒಂದು ದಿನ ಕೈಜೋಡಿಸಿದ ಗಂಡಸರು ನೂರಕ್ಕೆ 14. ಆ ಲೆಕ್ಕದಲ್ಲಿ ಆರು ವರ್ಷದ ಹುಡುಗರೂ ಇದ್ದಾರಲ್ಲ ಎಂದು ತಕರಾರು ತೆಗೆಯಬೇಡಿ. ಹೆಂಗಸರ ಲೆಕ್ಕದಲ್ಲಿ ಆರು ವರ್ಷದ ಹುಡುಗಿಯರೂ ಇದ್ದಾರೆ. ಆದರೂ ಹೆಂಗಸರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿ.

ಪಾಪ, ರಜೆ ಎಲ್ಲಿದೆ ಎನ್ನುತ್ತೀರಿ. ಒಪ್ಪಿದೆ. ಕೇಂದ್ರ ನೌಕರನಿಗೆ 15 ದಿನ ಪಿತೃತ್ವ ರಜೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ತಾಯಿಗೆ 26 ವಾರ ಕೊಟ್ಟಿತು, ಖಾಸಗಿ ಕಂಪನಿಯ ಅಪ್ಪನಿಗೆ ಒಂದು ದಿನವನ್ನೂ ಕೊಡಲಿಲ್ಲ. ಅದಕ್ಕಾಗಿ ಗಂಡಸರು ಬೀದಿಗಿಳಿದದ್ದನ್ನು ನೀವು ಕಂಡಿದ್ದೀರಾ? ಬೀದಿಗಿಳಿಯುವುದಿರಲಿ, ರಜೆ ತೆಗೆದುಕೊಂಡವನನ್ನೇ ಬೈದರು. 2020ರ ಡಿಸೆಂಬರಿನಲ್ಲಿ ಅಡಿಲೇಡಿನಲ್ಲಿ ಭಾರತ 36 ರನ್ನಿಗೆ ಮುದುರಿತು. ವಿರಾಟ್ ಕೊಹ್ಲಿ ಹೆಂಡತಿಯ ಹೆರಿಗೆಗೆಂದು ಊರಿಗೆ ಹೊರಟರು. ನಮ್ಮ ಬಡಾವಣೆಯ ಕಟ್ಟೆಯ ಮೇಲೆ ಕೂತವರಿಗೆಲ್ಲ ದೇಶಭಕ್ತಿ ಉಕ್ಕಿತು. ಹೆರುವವಳು ಅವಳು, ಇವನಿಗೇನು ಕೆಲಸ ಎಂದರು. ಕೊಹ್ಲಿ ಇಲ್ಲದೆಯೇ ತಂಡ ಸರಣಿ ಗೆದ್ದು ಬಂತು. ಕಟ್ಟೆಯವರು ಇನ್ನೂ ಅಲ್ಲೇ ಕೂತಿದ್ದಾರೆ, ಅವರ ಮಕ್ಕಳು ಟ್ಯೂಷನ್ನಿನಿಂದ ತಾವೇ ಬರುತ್ತವೆ.

ಅಪ್ಪನ ಜಾಗ ಹಾಗೆಂದು ಖಾಲಿ ಉಳಿದಿಲ್ಲ. ಸೈಕಲ್ ಕಲಿಸಿದವನು ಸೋದರಮಾವ. ಲಸಿಕೆಗೆ ಎತ್ತಿಕೊಂಡು ಹೋದವರು ಅಜ್ಜ. ಹತ್ತನೇ ಕ್ಲಾಸಿನಲ್ಲಿ ಫೇಲಾದ ಹುಡುಗನ ಹೆಗಲ ಮೇಲೆ ಕೈ ಹಾಕಿದವರು ಪಿ.ಟಿ. ಮಾಸ್ತರರು. ಇವರ ಹೆಸರಿನ ಮೊದಲಕ್ಷರ ಯಾವ ಅಂಕಪಟ್ಟಿಯಲ್ಲೂ ಇಲ್ಲ.

ಆ ಆಟೋದವನನ್ನೇ ವಿಚಾರಿಸಿ. ಯಾವ ಮಗು ಯಾವ ಸೆಕ್ಷನ್ ಎಂದು ಅವನಿಗೆ ಗೊತ್ತು. ಯಾರ ಟಿಫಿನ್ ಡಬ್ಬಿ ತುಂಬಿದ್ದಂತೆಯೇ ವಾಪಸು ಬರುತ್ತಿದೆ, ಯಾರು ಎರಡು ದಿನದಿಂದ ಮಾತೇ ಆಡುತ್ತಿಲ್ಲ, ಅದೂ ಗೊತ್ತು. ಹೆತ್ತಪ್ಪನಿಗೂ ಈ ಆಟೋದವನಿಗೂ ಮಾತುಕತೆ ನಡೆಯುವುದು ವರ್ಷಕ್ಕೊಮ್ಮೆ, ದಸರಾ ರಜೆ ಮುಗಿದ ಮೇಲೆ. "ಈ ತಿಂಗಳು ಅರ್ಧದಷ್ಟು ದಿನ ಸ್ಕೂಲೇ ಇರಲಿಲ್ಲವಲ್ಲಪ್ಪಾ, ಅರ್ಧ ದುಡ್ಡು ಹಿಡ್ಕೋತೀನಿ."