ಐರಿಷ್ ಹೆಸರಿನ ಬೆನ್ನು ಹತ್ತಿದ ಅಪ್ಪ

ಮಗಳಿಗೆ ಅಪ್ಪಟ ಐರಿಷ್ ಹೆಸರೇ ಬೇಕೆಂದು ಹಟ ಹಿಡಿಯುವ ಅಪ್ಪಂದಿರು ಐರ್ಲೆಂಡಿನಲ್ಲಿ ಕಡಿಮೆ, ಅಮೆರಿಕದಲ್ಲಿ ಹೆಚ್ಚು. ಬಾಸ್ಟನ್, ಶಿಕಾಗೊ, ನ್ಯೂಯಾರ್ಕ್ ಊರುಗಳಲ್ಲಿ ಅವರಿಗೆ ಬರವಿಲ್ಲ. ಇಂಥ ಅಪ್ಪನ ಮುತ್ತಜ್ಜನ ತಾಯಿಯೋ ಅಜ್ಜಿಯೋ ಕಾರ್ಕ್ ಅಥವಾ ಮೇಯೊ ಕಡೆಯಿಂದ ಹಡಗು ಹತ್ತಿ ಬಂದವಳು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗಲಿ ಶುರುವಾದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು, ಇನ್ನೂ ಅಷ್ಟೇ ಜನ ದೇಶ ಬಿಟ್ಟಿದ್ದರು. ಐದು ತಲೆಮಾರು ಕಳೆದು ಈತನ ಪಾಲಿಗೆ ಉಳಿದಿರುವ ಐರ್ಲೆಂಡ್ ಎಂದರೆ ಮರ್ಫಿ ಅಥವಾ ಸಲಿವನ್ ಎಂಬ ಮನೆತನದ ಹೆಸರು, ಬಿಸಿಲು ಕಂಡರೆ ಕೆಂಪಾಗುವ ಚರ್ಮ, ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆಂದು ಕೊಂಡ ಒಂದು ಹಸಿರು ಅಂಗಿ. ವರ್ಷದ ಉಳಿದ ದಿನಗಳಲ್ಲಿ ಅಂಗಿ, ಅಭಿಮಾನ ಎರಡೂ ಬೀರುವಿನಲ್ಲಿರುತ್ತವೆ. ಹೆಂಡತಿಯ ಸ್ಕ್ಯಾನಿಂಗ್ ಮಾಡಿದ ವೈದ್ಯರು ಹೆಣ್ಣುಮಗು ಎಂದರೆ (ಅಲ್ಲಿ ಹಾಗೆ ಹೇಳುವುದು ಅಪರಾಧವಲ್ಲ) ಅಂದು ಸಂಜೆಯೇ ಎರಡೂ ಹೊರಗೆ ಬರುತ್ತವೆ.

ಹುಡುಕಾಟಕ್ಕೆ ಈತ ನಾಲ್ಕು ಷರತ್ತು ಹಾಕುತ್ತಾನೆ. ಹೆಸರು ಪುರಾತನವಾಗಿರಬೇಕು. ಅಪರೂಪದ್ದಾಗಿರಬೇಕು. ಅದರ ಅರ್ಥ, ಅದರ ಹಿಂದಿನ ಕಥೆ ಶುಭವಾಗಿರಬೇಕು. ಕಾಗದದ ಮೇಲೆ ನೋಡಿದ ಯಾರೇ ಆದರೂ ತಡವರಿಸದೆ ಓದುವಂತಿರಬೇಕು. ನಾಲ್ಕೂ ಒಟ್ಟಿಗೆ ಸಿಗುವುದು ಕಷ್ಟ ಎಂದು ಹೆಂಡತಿ ಮೊದಲ ದಿನವೇ ಹೇಳಿರುತ್ತಾಳೆ. ಈತ ಹೆಸರುಗಳ ಪುಸ್ತಕ ತರಿಸಿ, ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು ತೂಗುಬಿಡುತ್ತಾನೆ. ಮನೆಯವರು ಮೆಚ್ಚಿದ ಹೆಸರಿಗೆ ಗುರುತು ಹಾಕಲಿ ಎಂಬುದು ಉದ್ದೇಶ. ನಡೆಯುವುದು ಮಾತ್ರ ಹೊಡೆದುಹಾಕುವ ಕೆಲಸ.

ಮೊದಲು ಕೈಕೊಡುವುದು ನಾಲ್ಕನೆಯ ಷರತ್ತು. ಎನ್, ಐ, ಎ, ಎಂ, ಎಚ್ ಎಂದು ಐದಕ್ಷರ ಬರೆದರೆ ಓದಬೇಕಾದದ್ದು ನೀವ್. ಎ, ಓ, ಐ, ಎಫ್, ಇ ಎಂದು ಬರೆದದ್ದು ಈಫ. ಎಸ್, ಎ, ಡಿ, ಎಚ್, ಬಿ, ಎಚ್ ಎಂದು ಆರಕ್ಷರಗಳನ್ನು ಸಾಲಾಗಿ ನಿಲ್ಲಿಸಿದರೆ ಹೊರಡುವ ಸದ್ದು ಸೈವ್, ಅಷ್ಟೇ. ಇದರಲ್ಲಿ ಐರಿಷ್ ಭಾಷೆಯ ತಪ್ಪೇನೂ ಇಲ್ಲ. ಅದರ ಸಾಂಪ್ರದಾಯಿಕ ವರ್ಣಮಾಲೆಯಲ್ಲಿರುವುದು 18 ಅಕ್ಷರ, ಆ ಹದಿನೆಂಟರಲ್ಲಿ ವಿ ಇಲ್ಲ. ವಕಾರ ಬೇಕಾದಲ್ಲಿ ಬಿ ಅಥವಾ ಎಂ ಪಕ್ಕದಲ್ಲಿ ಎಚ್ ಕೂರಿಸುತ್ತಾರೆ. ಹಳೆಯ ಗೇಲಿಕ್ ಅಚ್ಚಿನಲ್ಲಿ ಈ ಎಚ್ ಬದಲು ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕಿ ಇರುತ್ತಿತ್ತು. ರೋಮನ್ ಅಚ್ಚು ರೂಢಿಗೆ ಬಂದಾಗ ಚುಕ್ಕಿ ಹೋಯಿತು, ಎಚ್ ಬಂತು, ಹೆಸರುಗಳು ಉದ್ದವಾದವು. ಇನ್ನು ಸ್ವರದ ಮೇಲೆ ಓರೆಯಾಗಿ ಎಳೆಯುವ ಫಾದಾ ಎಂಬ ಗೆರೆ. ಅದು ಮಾಡುವುದು ಕನ್ನಡದ ದೀರ್ಘದ ಕೆಲಸವನ್ನೇ. ರೊಷೀನ್ ಎಂಬ ಹೆಸರಿನಲ್ಲಿ ಅಂಥ ಗೆರೆ ಎರಡಿವೆ. ಅಮೆರಿಕದ ಅರ್ಜಿ ನಮೂನೆಗಳು, ಗಣಕಯಂತ್ರಗಳು ಎರಡನ್ನೂ ನುಂಗಿಬಿಡುತ್ತವೆ. ಅಪ್ಪ ಆ ಗೆರೆಗಳಿಗಾಗಿ ಕಚೇರಿಯ ಕಿಟಕಿಯಲ್ಲಿ ನಿಂತು ಹೋರಾಡುವ ತಯಾರಿಯಲ್ಲಿರುತ್ತಾನೆ, ಆದರೆ ಗೆರೆ ಯಾವ ಅಕ್ಷರದ ಮೇಲೆ ಬರುತ್ತದೆ ಎಂಬುದನ್ನು ಪ್ರತಿ ಸಲವೂ ಪುಸ್ತಕ ತೆರೆದು ನೋಡಿಕೊಳ್ಳುತ್ತಾನೆ.

ಉಚ್ಚಾರಣೆ ರೂಢಿಯಾದರೆ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡು ಈತ ಮೂರನೆಯ ಷರತ್ತಿಗೆ ದಾಟುತ್ತಾನೆ. ಪುರಾಣದ ಹೆಣ್ಣುಮಕ್ಕಳ ಪೈಕಿ ನೆಮ್ಮದಿಯಾಗಿ ಬಾಳಿದವಳು ಯಾರು ಎಂದು ಹುಡುಕುವ ಕೆಲಸ ಇದು. ಡೀರ್ಡ್ರ ಚೆಲುವೆಯೇನೋ ಹೌದು. ಆದರೆ ಅವಳು ಹುಟ್ಟುವ ಹೊತ್ತಿಗೇ ಇವಳಿಂದ ರಕ್ತದ ಹೊಳೆ ಹರಿಯುತ್ತದೆ ಎಂದು ಅರಮನೆಯ ಪುರೋಹಿತ ಕಣಿ ನುಡಿದಿದ್ದ, ಹಾಗೆಯೇ ಆಯಿತು. ಐರಿಷ್ ಲೇಖಕರಾದ ಯೇಟ್ಸ್, ಸಿಂಗ್ ಇಬ್ಬರೂ ಅವಳ ಮೇಲೆ ನಾಟಕ ಬರೆದರು, ಎರಡೂ ದುರಂತ. ಈಫ ಎಂಬುವಳು ಸವತಿಯ ನಾಲ್ಕು ಮಕ್ಕಳನ್ನು 900 ವರ್ಷ ಹಂಸಗಳಾಗಿ ಅಲೆಯುವಂತೆ ಶಪಿಸಿದ ಮಲತಾಯಿ. ಹಂಸವಾದ ಮಕ್ಕಳಲ್ಲಿ ಹಿರಿಯವಳ ಹೆಸರು ಫಿನೂಲ. ಹೀಗಾಗಿ ಒಂದೇ ಕಥೆಯಲ್ಲಿ ಎರಡು ಹೆಸರು ಹೋದವು. ಚರಿತ್ರೆಯ ಈಫಳನ್ನು ಹಿಡಿಯೋಣವೆಂದರೆ, ಅವಳ ಅಪ್ಪ ಲೆನ್‌ಸ್ಟರ್ ಪ್ರಾಂತದ ದೊರೆ. ಕಳೆದುಕೊಂಡ ಗದ್ದುಗೆಗಾಗಿ ನಾರ್ಮನ್ನರ ನೆರವು ಬೇಡಿ, 1170ರಲ್ಲಿ ವಾಟರ್‌ಫರ್ಡ್ ಊರಿನಲ್ಲಿ ಮಗಳನ್ನು ಅವರ ಸೇನಾನಿ ಸ್ಟ್ರಾಂಗ್‌ಬೋಗೆ ಧಾರೆ ಎರೆದವನು. ಸೈವ್ ಜಿಂಕೆಯಾದಳು. ನೀವ್ ತನ್ನ ಇನಿಯ ಉಶೀನನನ್ನು ಬಿಳಿ ಕುದುರೆಯ ಮೇಲೆ ಕೂರಿಸಿ ಚಿರಯೌವನದ ನಾಡಿಗೆ ಕರೆದೊಯ್ದಳು. ಮೂರು ವರ್ಷ ಕಳೆಯಿತೆಂದು ಅವನು ಭಾವಿಸಿದಾಗ ಊರಿನಲ್ಲಿ 300 ವರ್ಷ ಕಳೆದಿತ್ತು. ಕಾನಾಕ್ಟ್ ಪ್ರಾಂತದ ರಾಣಿ ಮೇವ್ ಗಂಡನೊಡನೆ ಆಸ್ತಿ ಲೆಕ್ಕ ಹಾಕುತ್ತ ಕೂತು, ತನ್ನ ಪಾಲಿನಲ್ಲಿ ಒಂದು ಹೋರಿ ಕಡಿಮೆ ಬಿದ್ದದ್ದಕ್ಕೆ ಅಲ್‌ಸ್ಟರ್ ಮೇಲೆ ಯುದ್ಧ ಸಾರಿದವಳು. ಹೆಂಡತಿಗೆ ಇವಳೊಬ್ಬಳು ಇಷ್ಟವಾಗುತ್ತಾಳೆ. ಆ ಕಾರಣಕ್ಕೇ ಅಪ್ಪನಿಗೆ ಅನುಮಾನ ಬರುತ್ತದೆ.

ಗ್ರಾನ್ಯ ಎಂಬ ಹೆಸರಿಗೆ ಬಂದಾಗ ಅತ್ತೆಯವರು ಬಾಯಿ ಹಾಕುತ್ತಾರೆ. ಈ ಹೆಸರಿನವರು ಇಬ್ಬರು. ಒಬ್ಬಳು ತನ್ನ ಮದುವೆಯ ಔತಣದಲ್ಲೇ ಬಂದವರಿಗೆಲ್ಲ ಮದ್ದು ಬೆರೆಸಿದ ಪಾನೀಯ ಕುಡಿಸಿ, ಮದುವೆಗೆ ಬಂದಿದ್ದ ಡೀರ್ಮಿಡ್‌ನನ್ನು ಕಟ್ಟಿಕೊಂಡು ಓಡಿದವಳು. ಇನ್ನೊಬ್ಬಳು ಮೇಯೊ ಕರಾವಳಿಯ ಕಡಲ ನಾಯಕಿ ಗ್ರೇಸ್ ಒಮಾಲಿ. 1593ರಲ್ಲಿ ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್ ಎದುರು ನಿಂತು ಮಾತಾಡಿ ಬಂದವಳು. ಅಪ್ಪ ಎರಡನೆಯವಳ ಸಾಹಸವನ್ನು ಹದಿನೈದು ನಿಮಿಷ ವರ್ಣಿಸುತ್ತಾನೆ. ಅತ್ತೆ ಕನ್ನಡಕ ಏರಿಸಿ ಹಾಳೆಯ ಮೇಲಿನ ಅಕ್ಷರ ನೋಡಿ, "ಇದು ಗ್ರೇನ್ ಅಲ್ಲವಾ? ಕಾಳುಕಡಿ?" ಎನ್ನುತ್ತಾರೆ. "ಅಲ್ಲ, ಗ್ರಾನ್ಯ." "ಗ್ರ್ಯಾನಿ? ಅಜ್ಜಿ ನಾನಿಲ್ಲವಾ, ಕೂಸಿಗೂ ಅದೇ ಯಾಕೆ?" ಪೆನ್ನು ಕೆಲಸ ಮಾಡುತ್ತದೆ.

ನಂತರದ್ದು ಪುರಾತನತ್ವದ ಪರೀಕ್ಷೆ. ಈ ಹಂತದಲ್ಲಿ ಬಹಳ ಅಪ್ಪಂದಿರ ಮುಖ ಬಾಡುತ್ತದೆ. ಎಲ್ಲರಿಗೂ ಪ್ರಿಯವಾದ ಸೀರ್ಷ ಎಂಬುದು ಸ್ವಾತಂತ್ರ್ಯ ಎಂಬ ಪದವೇ. ಸ್ವಾತಂತ್ರ್ಯ ಹೋರಾಟದ ಬಿಸಿಯಲ್ಲಿ, 20ನೇ ಶತಮಾನದಲ್ಲಿ ಹೆಸರಾದದ್ದು. ಆ ಹೆಸರಿನ ಒಬ್ಬ ರಾಣಿಯೂ ಒಬ್ಬ ಸಂತಳೂ ಹಳೆಯ ಕಾಲದಲ್ಲಿಲ್ಲ. 1994ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ನಟಿ ರೋನನ್ ಅದನ್ನು ಲೋಕಕ್ಕೆ ಪರಿಚಯಿಸಿದಳು, ಆದರೆ ಅವಳು ಸರ್ಷ ಎನ್ನುತ್ತಾಳೆ, ಹಲವರು ಸೀರ್ಷ ಎನ್ನುತ್ತಾರೆ. ಶಿವಾನ್, ಶಿನೇಡ್ ಎರಡೂ ಕೇಳಲು ಅಪ್ಪಟ ಐರಿಷ್. ಮೂಲ ಹುಡುಕಿದರೆ ಎರಡೂ ನಾರ್ಮನ್ನರು ತಂದ ಫ್ರೆಂಚ್ ಹೆಸರುಗಳು, ಇಂಗ್ಲಿಷಿನ ಜೋನ್, ಜ್ಯಾನೆಟ್‌ಗಳ ಒಡಹುಟ್ಟುಗಳು. ಫಿಯೋನ ಎಂಬುದನ್ನು ಓದುಗರ ಮುಂದಿಟ್ಟವನು 18ನೇ ಶತಮಾನದ ಜೇಮ್ಸ್ ಮ್ಯಾಕ್‌ಫರ್ಸನ್ ಎಂಬ ಕವಿ, ಅವನು ಸ್ಕಾಟ್ಲೆಂಡಿನವನು. ಎರಿನ್, ಶ್ಯಾನನ್, ಕಾಲೀನ್ ಹೆಸರಿನವರು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ತುಂಬಿದ್ದಾರೆ. ಮೊದಲನೆಯದು ದೇಶದ ಹೆಸರು, ಎರಡನೆಯದು ಹೊಳೆಯ ಹೆಸರು, ಮೂರನೆಯದು ಬರೀ ಹುಡುಗಿ ಎಂದು. ಹುಡುಗಿಗೆ ಹುಡುಗಿ ಎಂದೇ ಹೆಸರಿಡುವುದು ಐರ್ಲೆಂಡಿನಲ್ಲಿ ನಡೆದು ಬಂದ ಪದ್ಧತಿಯಲ್ಲ.

ಹಾಗಾದರೆ ನಿಜಕ್ಕೂ ಹಳೆಯದು ಇಲ್ಲವೇ ಎಂದರೆ ಇದೆ. ಗೊಬ್ನಿತ್. ಕಾರ್ಕ್ ಸೀಮೆಯ ಬ್ಯಾಲಿವುರ್ನಿ ಎಂಬ ಊರಿನ ಸಂತಳು, ಜೇನುನೊಣಗಳಿಗೂ ಜೇನು ಸಾಕುವವರಿಗೂ ಕಾವಲು ದೇವತೆ. ಅವಳ ಹಬ್ಬ ಫೆಬ್ರವರಿ 11. ಹೆಸರು ಪುರಾತನ, ಬಾಸ್ಟನ್ನಿನ ಯಾವ ಶಾಲೆಯಲ್ಲೂ ಇನ್ನೊಬ್ಬಳು ಸಿಗಲಾರಳು, ಕಥೆಯಲ್ಲಿ ಕೊಲೆಯಿಲ್ಲ, ಅಕ್ಷರ ಇದ್ದಂತೆ ಓದಿದರೂ ದೊಡ್ಡ ಅನಾಹುತವಿಲ್ಲ. ನಾಲ್ಕು ಷರತ್ತೂ ಪೂರೈಸಿದ ಈ ಹೆಸರನ್ನು ಅಪ್ಪ ಒಮ್ಮೆ ಗಟ್ಟಿಯಾಗಿ ಹೇಳಿ ನೋಡುತ್ತಾನೆ. ಮರುದಿನದಿಂದ ಐದನೆಯ ಷರತ್ತು ಜಾರಿಗೆ ಬರುತ್ತದೆ: ಹೆಸರು ಕಿವಿಗೆ ಇಂಪಾಗಿರಬೇಕು.

ಸಲಹೆಗೆಂದು ಕಾರ್ಕ್‌ನಲ್ಲಿರುವ ದೂರದ ದಾಯಾದಿಗೆ ಫೋನು ಹೋಗುತ್ತದೆ. ಆ ಮನೆಯ ಹೆಣ್ಣುಮಕ್ಕಳು ಎಮಿಲಿ ಮತ್ತು ಸೋಫಿ. ಇದು ಆ ಮನೆಯೊಂದರ ಕಥೆಯಲ್ಲ. ಐರ್ಲೆಂಡಿನ ಕೇಂದ್ರೀಯ ಅಂಕಿಅಂಶ ಕಚೇರಿ ವರ್ಷವರ್ಷ ಹೊರಡಿಸುವ ಮಕ್ಕಳ ಹೆಸರಿನ ಪಟ್ಟಿಯಲ್ಲಿ ಎಮಿಲಿ, ಗ್ರೇಸ್, ಸೋಫಿ ಮುಂದಿನ ಸಾಲಿನವರು. 2021ರಲ್ಲಿ ಮೊದಲ ಸ್ಥಾನಕ್ಕೆ ಐರಿಷ್ ಹೆಸರೊಂದು ಏರಿತು. ಅದು ಫೀಯ, ಇತ್ತೀಚಿನ ದಶಕಗಳಲ್ಲಿ ಚಾಲ್ತಿಗೆ ಬಂದದ್ದು. ಅದೇ ನಾಡಿನಲ್ಲಿ, ಡಬ್ಲಿನ್ನಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೋಗಿ ನೆಲೆಸಿದ ಕನ್ನಡಿಗ ದಂಪತಿಗಳಿಗೆ ತಾರಾ ಎಂಬ ಹೆಸರು ಸಲೀಸಾಗಿ ಒದಗುತ್ತದೆ. ಹಾಸನದ ಅಜ್ಜಿಗೂ ಗೊತ್ತು, ಐರಿಷ್ ಶಿಕ್ಷಕಿಗೂ ಗೊತ್ತು, ಏಕೆಂದರೆ ಹಳೆಯ ಐರಿಷ್ ರಾಜಾಧಿರಾಜರ ಗದ್ದುಗೆಯಿದ್ದ ಗುಡ್ಡದ ಹೆಸರೂ ಅದೇ. ಬಾಸ್ಟನ್ನಿನ ಅಪ್ಪ ಅದನ್ನು ಮೊದಲ ವಾರವೇ ಹೊಡೆದುಹಾಕಿರುತ್ತಾನೆ. ಸುಲಭವಾಯಿತು ಎಂಬುದೇ ಅದರ ಮೇಲಿನ ಆಕ್ಷೇಪ.

ಇಷ್ಟೆಲ್ಲ ನಡೆದರೂ ಈತ ತೆರೆಯದೆ ಉಳಿಸುವುದು ತನ್ನದೇ ವಂಶದ ಕಾಗದಪತ್ರಗಳ ಪೆಟ್ಟಿಗೆಯನ್ನು. ಹಡಗಿನ ಪ್ರಯಾಣಿಕರ ಪಟ್ಟಿ, ಚರ್ಚಿನ ದಾಖಲೆ, ಜನಗಣತಿಯ ಹಾಳೆಗಳಲ್ಲಿ ಇರುವ ಹೆಣ್ಣು ಹೆಸರುಗಳು ಮೇರಿ, ಬ್ರಿಜೆಟ್, ಕ್ಯಾಥರೀನ್, ಮಾರ್ಗರೆಟ್, ಎಲೆನ್. ಇವೇ ಮತ್ತೆ ಮತ್ತೆ ಬರುವುದಕ್ಕೆ ಕಾರಣವಿದೆ. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು ಎಂಬುದು ಐರಿಷ್ ಮನೆಗಳ ಹಳೆಯ ರೂಢಿ. ಅಲ್ಲಿ ಹೆಸರನ್ನು ಹುಡುಕುತ್ತಿರಲಿಲ್ಲ, ಸರದಿಯಂತೆ ಇಡುತ್ತಿದ್ದರು. ಈ ಸಂಪ್ರದಾಯವನ್ನು ಅಕ್ಷರಶಃ ಪಾಲಿಸಿದರೆ ಈ ಕೂಸಿಗೆ ಬರಬೇಕಾದದ್ದು ಗ್ರಾನ್ಯಳನ್ನು ಕಾಳುಕಡಿ ಎಂದ ಅತ್ತೆಯವರ ಹೆಸರು. ಅವರು ಲಿಂಡಾ. 1947ರಿಂದ ಕೆಲವು ವರ್ಷ ಅಮೆರಿಕದ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಹೆಸರು. ಅತ್ತೆಗೆ ಈ ರೂಢಿಯ ಸುದ್ದಿ ತಿಳಿಯದಂತೆ ಅಪ್ಪ ಎಚ್ಚರ ವಹಿಸುತ್ತಾನೆ.

ಬ್ರಿಜೆಟ್ ಕಥೆ ಬೇರೆ. ಐರ್ಲೆಂಡಿನ ಹೆಣ್ಣು ಹೆಸರುಗಳಲ್ಲಿ ಇದಕ್ಕಿಂತ ಬೇರುಳ್ಳದ್ದು ಸಿಗುವುದು ಕಷ್ಟ. ಕ್ರೈಸ್ತಮತ ಬರುವುದಕ್ಕೆ ಮುಂಚೆ ಅದು ದೇವಿಯ ಹೆಸರು, ಬಂದ ಮೇಲೆ ಕಿಲ್ಡೇರಿನ ಸಂತಳ ಹೆಸರು. ಫೆಬ್ರವರಿ 1ರ ಅವಳ ಹಬ್ಬದ ಲೆಕ್ಕದಲ್ಲಿ 2023ರಿಂದ ಐರ್ಲೆಂಡಿನಲ್ಲಿ ಸರ್ಕಾರಿ ರಜೆಯೂ ಇದೆ. ಅಷ್ಟು ದೊಡ್ಡ ಹೆಸರು ಅಮೆರಿಕದಲ್ಲಿ ಕೆಟ್ಟಿತು. 19ನೇ ಶತಮಾನದ ಉತ್ತರಾರ್ಧದಲ್ಲಿ ಬಾಸ್ಟನ್, ನ್ಯೂಯಾರ್ಕ್ ಶ್ರೀಮಂತರ ಅಡುಗೆಮನೆಗಳಲ್ಲಿ ದುಡಿಯುತ್ತಿದ್ದವರಲ್ಲಿ ಐರಿಷ್ ಹುಡುಗಿಯರೇ ಬಹಳ. ಯಜಮಾನಿಯರು ಅವರನ್ನೆಲ್ಲ ಬ್ರಿಜೆಟ್, ಬಿಡ್ಡಿ ಎಂದು ಒಂದೇ ಹೆಸರಿನಿಂದ ಕರೆದರು. ಪತ್ರಿಕೆಗಳು ಬಿಡ್ಡಿ ಎಂಬ ಕೆಲಸದವಳ ವ್ಯಂಗ್ಯಚಿತ್ರ ಬರೆದು ನಗಿಸಿದವು. ಆ ನಗೆ ತಾಳಲಾರದೆ ಎಷ್ಟೋ ಬ್ರಿಜೆಟ್‌ಗಳು ಡೀಲಿಯಾ, ಬರ್ತಾ ಎಂದು ಹೆಸರು ಬದಲಿಸಿಕೊಂಡರು, ಹೆಣ್ಣುಮಕ್ಕಳಿಗೆ ಆ ಹೆಸರು ಇಡದೆ ಬಿಟ್ಟರು. ಪುರಾತನ, ಈಗ ಅಪರೂಪ, ಅರ್ಥ ಉನ್ನತಳು ಎಂದು, ಓದಲು ಯಾರಿಗೂ ತೊಡಕಿಲ್ಲ, ಮೇಲಾಗಿ ಮನೆತನದ್ದೇ. ಹೆಂಡತಿ ಹಾಳೆಯ ಕೊನೆಯ ಸಾಲಿನಲ್ಲಿ ಬ್ರಿಜೆಟ್ ಎಂದು ಬರೆದರೆ ಅಪ್ಪ ನೋಡಿ, "ಚೆನ್ನಾಗಿದೆ, ಆದರೆ ತುಂಬ ಹಳೇ ಕಾಲದ್ದು" ಎನ್ನುತ್ತಾನೆ.

ಕೊನೆಗೆ ಗೆಲ್ಲುವುದು ಬಹುಪಾಲು ಕೀವ. ಅಂದಗಾತಿ, ಸೌಮ್ಯೆ ಎಂದು ಅರ್ಥ, ಕಥೆಯಲ್ಲಿ ಹಂಸವಿಲ್ಲ. ಬರೆಯುವುದು ಸಿ, ಎ, ಓ, ಐ, ಎಂ, ಎಚ್, ಇ ಎಂದು ಏಳಕ್ಷರ. ಹುಟ್ಟಿದ ಸುದ್ದಿ ತಿಳಿಸುವ ಕಾರ್ಡಿನಲ್ಲಿ ಹೆಸರಿನ ಕೆಳಗೆ ಓದುವ ಕ್ರಮವನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಅಪ್ಪ ಬಂಧುಗಳಿಗೆಲ್ಲ ಪಾಠ ಹೇಳಿ ತಯಾರು ಮಾಡಿರುತ್ತಾನೆ. ದೀಕ್ಷಾಸ್ನಾನದ ದಿನ ಬರುವ ಪಾದ್ರಿ ಅಲ್‌ಸ್ಟರ್ ಪ್ರಾಂತದ ಡೊನೆಗಾಲ್ ಕಡೆಯವರಾಗಿದ್ದರೆ ಕೂಸಿನ ತಲೆಗೆ ನೀರು ಹಾಕುತ್ತ "ಕ್ವೀವ" ಎನ್ನುತ್ತಾರೆ. ಅಪ್ಪ ಮೆಲ್ಲಗೆ "ಕೀವ, ಫಾದರ್" ಎಂದು ತಿದ್ದುತ್ತಾನೆ. "ನಮ್ಮ ಕಡೆ ಕ್ವೀವ," ಎನ್ನುತ್ತಾರೆ ಅವರು. ಅಲ್‌ಸ್ಟರಿನಲ್ಲಿ ಹಾಗೆ, ಉಳಿದ ಕಡೆ ಹೀಗೆ, ಎರಡೂ ಸರಿ. ಬಂಧುಗಳು ಅಂದಿನಿಂದ ಎರಡು ಪಂಗಡವಾಗುತ್ತಾರೆ. ಲಿಂಡಾ ಅಜ್ಜಿ ಎರಡಕ್ಕೂ ಸೇರದೆ ಕೇಟಿ ಎಂದು ಕರೆಯುತ್ತಾರೆ, ಮಗು ತಿರುಗಿ ನೋಡುವುದೂ ಆ ಹೆಸರಿಗೇ.

ಎರಡನೆಯದು ಗಂಡಾದರೆ ಈ ಯಾವ ಶ್ರಮವೂ ಇಲ್ಲ. ಪುರಾಣ ಓದುವುದಿಲ್ಲ, ಹಾಳೆ ಅಂಟಿಸುವುದಿಲ್ಲ, ಕಾರ್ಕ್‌ಗೆ ಫೋನು ಮಾಡುವುದಿಲ್ಲ. ಲಿಯಮ್ ಎಂದು ಇಡುತ್ತಾರೆ. ಅದು ನಾರ್ಮನ್ನರ ವಿಲಿಯಂ ಐರಿಷ್ ಬಾಯಲ್ಲಿ ಉಲಿಯಮ್ ಆಗಿ, ತಲೆ ಕಳೆದುಕೊಂಡು ಉಳಿದ ಬಾಲ. 2017ರಲ್ಲಿ ಅಮೆರಿಕದ ಗಂಡುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನಕ್ಕೆ ಬಂದು, ಮುಂದೆ ವರ್ಷಗಟ್ಟಲೆ ಅಲ್ಲೇ ಕೂತಿತು. ಆದ್ದರಿಂದ ಮಗನ ತರಗತಿಯಲ್ಲಿ ಇನ್ನೂ ಇಬ್ಬರು ಲಿಯಮ್‌ಗಳಿದ್ದರೂ ಇರಬಹುದು. ಪುರಾತನವಲ್ಲ, ಅಪರೂಪವಲ್ಲ, ಮೂಲತಃ ಐರಿಷ್ ಕೂಡ ಅಲ್ಲ. ಮನೆಯಲ್ಲಿ ಆಕ್ಷೇಪ ಎತ್ತುವವರು ಒಬ್ಬರೂ ಇಲ್ಲ.