ಕೊಕ್ಕನೂರಿನ ಕ್ಯಾಲೆಂಡರ್, ಮರ್ಸಿಂಗಿನ ಬೋಟು

ಸಿಂಗಪುರದಿಂದ ತಿಯೋಮನ್ ದ್ವೀಪಕ್ಕೆ ಹೋಗಲು ಬೇಕಾದದ್ದು ಒಂದು ಕಾರು, ಒಂದು ಬೋಟು ಮತ್ತು ಕೊಕ್ಕನೂರಿನಲ್ಲಿರುವ ನಮ್ಮ ಮಾವನ ಒಪ್ಪಿಗೆ. ಮೊದಲೆರಡನ್ನು ನನ್ನ ಗಂಡ ಒಂದೇ ಸಂಜೆಯಲ್ಲಿ ಹೊಂದಿಸಿಬಿಟ್ಟರು.

ಕಾಗದದ ಮೇಲೆ ದಾರಿ ಸಲೀಸು. ಒಂದು ಕಿಲೋಮೀಟರ್ ಚಿಲ್ಲರೆ ಉದ್ದದ ಕಾಸ್‌ವೇ ದಾಟಿದರೆ ಮಲೇಷ್ಯಾದ ಜೋಹೋರ್. ಅಲ್ಲಿಂದ ಎಣ್ಣೆತಾಳೆ ತೋಟಗಳ ನಡುವೆ ಸಾಗಿದರೆ ಮರ್ಸಿಂಗ್. ಅಲ್ಲಿ ಕಾರು ಬಿಟ್ಟು ಬೋಟು ಹತ್ತುವುದು. 1958ರ ‘ಸೌತ್ ಪೆಸಿಫಿಕ್’ ಸಿನಿಮಾದಲ್ಲಿ ಕನಸಿನ ದ್ವೀಪವಾಗಿ ಕಾಣಿಸಿಕೊಂಡದ್ದು ಇದೇ ತಿಯೋಮನ್ ಅಂತೆ ಎಂದು ಇವರು ಅಪ್ಪನಿಗೆ ಫೋನಿನಲ್ಲಿ ಹೇಳಿದರು. ರಾಜಕುಮಾರ್ ಹೋಗಿದ್ದರೇನು ಎಂದು ಮಾವ ಕೇಳಿದರು. ಇಲ್ಲ ಎಂದಾಗ ಆ ವಿಷಯ ಅಲ್ಲಿಗೇ ಮುಗಿಯಿತು.

ಅತ್ತೆ-ಮಾವ ನಮ್ಮಲ್ಲಿಗೆ ಬರುವುದು ದೀಪಾವಳಿ ಕಳೆದ ಮೇಲೆ. ಆ ಕಡಲಿಗೆ ಈಶಾನ್ಯ ಮಾರುತ ಬರುವುದೂ ಆಗಲೇ. ನವೆಂಬರಿನಿಂದ ಫೆಬ್ರವರಿತನಕ ಬೋಟುಗಳು ಹೆಚ್ಚುಕಮ್ಮಿ ನಿಂತೇ ಹೋಗುತ್ತವೆ. ಮೇ ತಿಂಗಳಲ್ಲಿ ಬನ್ನಿ ಅಂದರೆ ಬೇಸಿಗೆ ಭತ್ತದ ಕೊಯ್ಲು.

“ದ್ವೀಪ ಎಲ್ಲೂ ಓಡಿಹೋಗಲ್ಲ. ಕೊಯ್ಲು ಮಷೀನು ಪಕ್ಕದೂರಿಗೆ ಹೋತು ಅಂದ್ರೆ ಮತ್ತೆ ಸಿಗಲ್ಲಪ್ಪ” ಅಂದರು ಮಾವ.

ಅಂತೂ ಜೂನ್ ಎಂದಾಯಿತು, ಮಕ್ಕಳಿಗೂ ರಜೆ. ಆಮೇಲೆ ಪೆಟ್ರೋಲಿನ ರಗಳೆ. ಸಿಂಗಪುರದ ಕಾರು ಗಡಿ ದಾಟಬೇಕಾದರೆ ಟ್ಯಾಂಕು ಮುಕ್ಕಾಲು ಭಾಗ ತುಂಬಿರಲೇಬೇಕು. 1991ರಿಂದ ಇದೇ ಕಾನೂನು. ಆಚೆ ದರ ಅಗ್ಗವೆಂದು ಜನ ಖಾಲಿ ಟ್ಯಾಂಕಿನಲ್ಲಿ ಹೋಗಿ ತುಂಬಿಸಿಕೊಂಡು ಬರಬಾರದಲ್ಲ! ಹರಿಹರಕ್ಕಿಂತ ಮಲೇಬೆನ್ನೂರಿನಲ್ಲಿ ಹತ್ತು ಪೈಸೆ ಕಡಿಮೆ ಅಂದರೆ ಅಲ್ಲಿತನಕ ಬೈಕು ಓಡಿಸುವ ಮಾವನಿಗೆ ಇದು ಶುದ್ಧ ಅನ್ಯಾಯವಾಗಿ ಕಂಡಿತು. “ಮುಳ್ಳನ್ನ ಯಾರು ಬಗ್ಗಿ ನೋಡ್ತಾರಲೇ?” ನೋಡುತ್ತಾರೆ, ದಂಡವನ್ನೂ ಹಾಕುತ್ತಾರೆ.

ಇಷ್ಟಾಗಿ ದಿನ ಗೊತ್ತು ಮಾಡಿದರೆ, ಅವತ್ತು ಅಮಾವಾಸ್ಯೆ. ಮಾವ ಗೋಡೆಯ ಕ್ಯಾಲೆಂಡರನ್ನೇ ವಿಡಿಯೋ ಕಾಲಿಗೆ ಹಿಡಿದರು. ಆ ಕಪ್ಪು ಗುಂಡು ಪರದೆಯ ತುಂಬ ಬಂತು. “ಅವತ್ತು ನೀರಿನ ಮ್ಯಾಲೆ ಹೋಗೋದು ಬ್ಯಾಡ.” ಇವರಿಗೆ ರೇಗಿತು. ಅಮಾವಾಸ್ಯೆಗೂ ಬೋಟಿಗೂ ಏನು ಸಂಬಂಧ ಎಂದು ತೋರಿಸಿಯೇ ಬಿಡುವ ಹಟದಲ್ಲಿ ಬೋಟಿನ ವೇಳಾಪಟ್ಟಿ ತೆರೆದರು. ಒಂದು ದಿನ ಬೆಳಿಗ್ಗೆ, ಮರುದಿನ ಮಧ್ಯಾಹ್ನ, ಆಮೇಲೆ ಇನ್ಯಾವುದೋ ಹೊತ್ತು. ಮರ್ಸಿಂಗಿನ ಜೆಟ್ಟಿ ಇರುವುದು ಹೊಳೆಯ ಬಾಯಲ್ಲಿ. ಇಳಿತದ ಹೊತ್ತಿಗೆ ಅಲ್ಲಿ ನೀರು ಸಾಲದು, ಬೋಟಿನ ತಳ ಕೆಸರಿಗೆ ತಾಗುತ್ತದೆ. ಹಾಗಾಗಿ ಗಡಿಯಾರಕ್ಕಲ್ಲ, ಸಮುದ್ರದ ಉಬ್ಬರಕ್ಕೆ ಕಾದು ಬೋಟು ಬಿಡುತ್ತಾರೆ. ಆ ಉಬ್ಬರ-ಇಳಿತಗಳು ವಿಪರೀತಕ್ಕೆ ಹೋಗುವುದು ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನಲ್ಲೇ.

ಇದನ್ನು ಅಪ್ಪನಿಗೆ ಹೇಳುವುದೋ ಬೇಡವೋ ಎಂದು ಇವರು ಒದ್ದಾಡುತ್ತಿದ್ದಾಗ ನಾನೇ ಹೇಳಿಬಿಟ್ಟೆ. ಸೊಸೆಯಾಗಿ ಇಂಥ ಅವಕಾಶ ದಿನಾ ಸಿಗುವುದಿಲ್ಲ.

ಮಾವನಿಗೆ ಆಶ್ಚರ್ಯವೇ ಆಗಲಿಲ್ಲ. ಭದ್ರಾ ನಾಲೆಯ ಕೊನೇ ಭಾಗದ ರೈತರು ಅವರು. “ನೀರು ಬಂದ್ಮೇಲೆ ಕೆಲಸ, ಅಲ್ಲೀಗಂಟ ಕಾಯೋದು. ಇದನ್ನ ನಮಗೆ ಯಾರವ್ವ ಹೇಳ್ಕೊಡ್ಬೇಕು?” ಅಂದರು. ಅವತ್ತಿನಿಂದ ಯೋಜನೆ ಪೂರ್ತಿ ಅವರ ಕೈಗೆ ಹೋಯಿತು. ಉಬ್ಬರದ ಪಟ್ಟಿಯನ್ನು ವಾಟ್ಸಾಪಿನಲ್ಲಿ ತರಿಸಿಕೊಂಡರು, ಪಂಚಮಿ ನಿಶ್ಚಯಿಸಿದರು, ಎಷ್ಟು ಗಂಟೆಗೆ ಮನೆ ಬಿಡಬೇಕು, ಬುತ್ತಿ ಎಲ್ಲಿ ಬಿಚ್ಚಬೇಕು, ಎಲ್ಲಕ್ಕೂ ವಾಯ್ಸ್ ಮೆಸೇಜು. ಊರಿನ ಆಂಜನೇಯನಿಗೆ ಶನಿವಾರ ಎಲೆಪೂಜೆಯನ್ನೂ ಮಾಡಿಸಿದರು. ದಾವಣಗೆರೆಯಿಂದ ನರ್ಗೀಸ್ ಮಂಡಕ್ಕಿಯೂ ಬಂದು ಸೂಟ್‌ಕೇಸಿನ ಪಕ್ಕ ಕೂತಿತು.

ಅತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಟಿಕೆಟಿಗೆ ದುಡ್ಡು ಕಟ್ಟುವ ರಾತ್ರಿ ಫೋನು ಅವರ ಕೈಗೆ ಹೋಯಿತು.

“ಅಲ್ಲಪ್ಪ, ರಾಮೇಶ್ವರನೂ ದ್ವೀಪಾನೇ ಅಲ್ಲೇನು? ಸೇತುವೆ ಮ್ಯಾಲೆ ರೈಲು ಹೋಗುತ್ತೆ. ಬೋಟು ಬ್ಯಾಡ, ಪಾಸ್‌ಪೋರ್ಟು ಬ್ಯಾಡ, ಪುಣ್ಯಾನೂ ಬರುತ್ತೆ. ನೀವೇ ಇತ್ತ ಬರ್ರಿ.”

ಮಾವ ಹಿಂದಿನಿಂದ “ಹೌದಲೇ, ಅಲ್ಲಿ ಅಮಾವಾಸ್ಯೆಗೇ ವಿಶೇಷ!” ಎಂದು ಕೂಗಿದ್ದು ಕೇಳಿಸಿತು. ಇವರು ಫೋನನ್ನು ಮ್ಯೂಟ್ ಮಾಡಿ, ಸಹಾಯಕ್ಕೆಂದು ನನ್ನ ಕಡೆ ತಿರುಗಿದರು. ನಾನಾಗಲೇ ರಾಮೇಶ್ವರದ ರೈಲುಗಳನ್ನು ಹುಡುಕುತ್ತಿದ್ದೆ.